ಅಪ್ಪಾಜಿ ಹೇಳಿದ್ದು

ನನಗೆ ಹದಿಮೂರು ಜನರ ದನಿ ಬರುತ್ತದೆ. ಕಾಲೇಜಿನ ಪ್ರಿನ್ಸಿಪಾಲರದು ಬರುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ‘ಹರಿಹರ ಹರಿಹರ ಹರಿಹರ’ ಎಂದು ಒಂದೇ ಉಸಿರಿಗೆ ಕೂಗುವ ಕಂಡಕ್ಟರನದು ಬರುತ್ತದೆ, ಎದುರುಮನೆಯ ಮರುಳಸಿದ್ದಮ್ಮ ಹಾಲಿನವನ ಮೇಲೆ ಏರಿಹೋಗುವುದು ಬರುತ್ತದೆ. ಒಂದು ಸಲ ನಾನು ಕಿಟಕಿಯ ಹಿಂದೆ ನಿಂತು ಆಕೆಯಂತೆ ಗದರಿಸಿದ್ದಕ್ಕೆ ಹಾಲಿನವನು ಖಾಲಿ ಬೀದಿಗೆ ಕೈಮುಗಿದು ಹೋಗಿದ್ದ. ಓದಿದ್ದು ಬಿ.ಕಾಂ. ಬಿ.ಕಾಂ ಎಂದರೆ ಬರೀ ಕಾಮಿಡಿ ಎಂದು ಮೊದಲು ಹೇಳಿದವನೂ ನಾನೇ. ಬೇರೆಯವರು ಹೇಳುವ ಮೊದಲು ನಾವೇ ಹೇಳಿಬಿಟ್ಟರೆ ಅರ್ಧ ನೋವು ಕಡಿಮೆ.

ಹದಿಮೂರರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ನಮ್ಮ ಅಪ್ಪಾಜಿಯ ದನಿ. ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಪಂಚಾಕ್ಷರಪ್ಪನವರ ದಲಾಲಿ ಅಂಗಡಿ ಎಂದರೆ ಆನಗೋಡಿನಿಂದ ಕೊಕ್ಕನೂರಿನವರೆಗೆ ಗೊತ್ತು. ರೈತರು ತಂದ ಮೆಕ್ಕೆಜೋಳವನ್ನು ಖರೀದಿದಾರರಿಗೆ ಮಾರಿಸಿಕೊಡುವುದು ನಮ್ಮ ಕಸುಬು. ಮೆಕ್ಕೆಜೋಳ ಮಾರಿ ಮೆಕ್ಕುವವರು ನಾವು. ಅಪ್ಪಾಜಿಯ ಮಾತು ಒಂದು ಸಣ್ಣ ಕೆಮ್ಮಿನಿಂದ ಶುರುವಾಗುತ್ತಿತ್ತು, ಆಮೇಲೆ ‘ಅಲ್ರೀ’, ಆಮೇಲೆ ಒಂದು ಗಳಿಗೆ ಮೌನ. ಆ ಮೌನದಲ್ಲೇ ಅರ್ಧ ವ್ಯವಹಾರ ಮುಗಿಯುತ್ತಿತ್ತು. ಕೆಮ್ಮು ಕಲಿಯಲು ನನಗೆ ಒಂದು ದಿನ ಸಾಕಾಯಿತು. ಆ ಮೌನ ಕಲಿಯಲು ಎರಡು ವರ್ಷ ಹಿಡಿಯಿತು.

ಹೋದ ವರ್ಷ ಯುಗಾದಿ ಕಳೆದು ಎಂಟನೇ ದಿನಕ್ಕೆ ಅಪ್ಪಾಜಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಬುದ್ಧಿ ಮಾತ್ರ ಹೋಗಲಿಲ್ಲ. ಎಲ್ಲ ಕೇಳುತ್ತಿತ್ತು, ಎಲ್ಲ ತಿಳಿಯುತ್ತಿತ್ತು. ಬಾಯಿಂದ ಬರುತ್ತಿದ್ದುದು ‘ಅಯೀ’, ‘ಬ್ಬ’, ‘ಆಂ’, ಇಷ್ಟೇ. ಎಡಗೈಯ ಒಂದು ಬೆರಳು ಮಾತ್ರ ಹೇಳಿದಂತೆ ಕೇಳುತ್ತಿತ್ತು.

ಅಂಗಡಿಗೆ ಅಕ್ಕ ಹೋದಳು. ರಶ್ಮಿತಾ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಕಾಲೇಜು ಮುಗಿಸಿದ ದಿನದಿಂದಲೂ ಅಪ್ಪಾಜಿಯ ಜತೆ ಯಾರ್ಡಿನಲ್ಲಿ ಓಡಾಡಿದವಳು. ಚೀಲಕ್ಕೆ ಕೈ ಹಾಕಿ ಅಡಿಯ ಕಾಳು ತೆಗೆದು ಹಲ್ಲಿನಲ್ಲಿ ಕಟಕ್ ಎನ್ನಿಸಿ ‘ಹದಿನಾರು ತೇವ ಐತೆ, ಇನ್ನೆರಡು ದಿನ ಒಣಗಿಸ್ಕೊಂಡು ಬರ್ರಿ’ ಎಂದರೆ, ಆಮೇಲೆ ಮೆಷಿನ್ ಇಟ್ಟು ನೋಡಿದರೂ ಶೇಕಡಾ ಹದಿನಾರೇ ಇರುತ್ತಿತ್ತು. ನಾನು ಕಚ್ಚಿದರೆ ಹಲ್ಲು ನೋಯುತ್ತಿತ್ತು, ಅಷ್ಟೇ.

ಆದರೆ ಫೋನಿನಲ್ಲಿ ಕಾಳು ಕಚ್ಚಲು ಆಗುವುದಿಲ್ಲ. ಖರೀದಿದಾರರು ಫೋನ್ ಮಾಡುತ್ತಿದ್ದರು, ಅಕ್ಕ ಎತ್ತುತ್ತಿದ್ದಳು, ಅವರ ದನಿ ಕೂಡಲೇ ಮೆತ್ತಗಾಗುತ್ತಿತ್ತು.

“ಆಯ್ತು ತಾಯಿ, ಯಜಮಾನ್ರು ಹುಷಾರಾದ ಮ್ಯಾಲೆ ಮಾತಾಡ್ತೀನಿ ತಗೊಳ್ರಿ. ನಿಮಗ್ಯಾಕ ಸುಮ್ನೆ ತ್ರಾಸು.”

ಯಾರೂ ಬೈಯಲಿಲ್ಲ. ಬೈದಿದ್ದರೆ ಅಕ್ಕನೂ ಬೈಯುತ್ತಿದ್ದಳು, ಆಕೆಗೆ ಬರುತ್ತದೆ. ಗೌರವ ಕೊಟ್ಟು ಫೋನ್ ಇಡುವವರನ್ನು ಏನು ಮಾಡುವುದು? ನಾಲ್ಕು ದಿನ ರೈತರ ಮಾಲು ಅಂಗಡಿಯ ಮುಂದೆ ಹಾಗೇ ಬಿದ್ದಿತ್ತು. ಐದನೇ ದಿನ ಮಧ್ಯಾಹ್ನ ಅಕ್ಕ ಊಟಕ್ಕೆ ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕೂತಳು. ನಾನು ಅಪ್ಪಾಜಿಗೆ ಗಂಜಿ ಕುಡಿಸುತ್ತಿದ್ದೆ. ಅವಳ ಫೋನ್ ಬಡಿದುಕೊಂಡಿತು. ಹಯಾತ್ ಸಾಬ್. ಕೋಳಿ ಆಹಾರದ ಕಾರ್ಖಾನೆಗಳಿಗೆ ಜೋಳ ಕಳಿಸುವವರು, ಅಪ್ಪಾಜಿಯ ಮೂವತ್ತು ವರ್ಷದ ಗಿರಾಕಿ. ತುಂಟತನಕ್ಕೆ ನಾನೇ ಫೋನ್ ಕಿತ್ತುಕೊಂಡು ಕೆಮ್ಮಿದೆ.

“ಅಲ್ರೀ...” ಒಂದು ಗಳಿಗೆ ಮೌನ. “ಹಯಾತ್ ಸಾಬ್ರೆ, ಮಾಲು ಒಣಗೈತೆ. ಹೋದ ವಾರದ ರೇಟೇ ಕೊಡ್ರಿ. ಲಾರಿ ಯಾವಾಗ?”

ಆ ಕಡೆಯೂ ಒಂದು ಗಳಿಗೆ ಮೌನ. ಆಮೇಲೆ ದೊಡ್ಡ ನಗು.

“ಆವಾಜ್ ಅಪ್ಪಂದು, ಅಕಲ್ ಅಕ್ಕಂದು. ನಿಂದೇನೋ ಬೇಟಾ?”

“ನಾಲಿಗೆ ನಂದು ಸಾಬ್ರೆ.”

“ನಾಲ್ಕು ಗಂಟೆಗೆ ಲಾರಿ ಕಳಿಸ್ತೀನಿ.”

ಅಪ್ಪಾಜಿಯ ಅರ್ಧ ಮುಖ ನಕ್ಕಿತು. ಅಕ್ಕ ಮೊದಲು ಸಿಟ್ಟಾದಳು, ಆಮೇಲೆ ತಟ್ಟೆಗೆ ಕೈಹಾಕಿದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಅಕ್ಕ ಯಾರ್ಡಿನಿಂದ ಫೋನ್ ಮಾಡಿ ಮಾಲು, ತೇವ, ರೇಟು ಹೇಳುವಳು. ನಾನು ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಮಂಚದ ಪಕ್ಕ ಕೂತು ಅದನ್ನೇ ಅಪ್ಪಾಜಿಯ ದನಿಯಲ್ಲಿ ಖರೀದಿದಾರರಿಗೆ ಹೇಳುವೆ. ಅದು ನಾನೇ ಎಂದು ಅವರೆಲ್ಲರಿಗೂ ಗೊತ್ತಿತ್ತು. ಆಸ್ಪತ್ರೆಗೆ ಸೇಬು ಹಿಡಿದು ಬಂದು ಅಪ್ಪಾಜಿಯ ಬಾಯಿ ಕಣ್ಣಾರೆ ನೋಡಿ ಹೋದವರೇ ಅವರು. ಆದರೂ ಫೋನಿನಲ್ಲಿ ‘ಸಾವ್ಕಾರ್ರೆ ಹೆಂಗಿದೀರಿ’ ಎಂದೇ ಶುರು ಮಾಡುತ್ತಿದ್ದರು. ಮೋಸ ಹೋಗಲು ಅವರೇ ಸಿದ್ಧರಿದ್ದಾಗ ನನ್ನದೇನು ತಪ್ಪು ಎಂದುಕೊಂಡೆ. ಯಾರ್ಡಿನಲ್ಲಿ ಒಂದು ಮಾತೇ ಹುಟ್ಟಿತು: ‘ಅಕ್ಕಂದು ವಿಕ್ರಿ, ತಮ್ಮಂದು ಮಿಮಿಕ್ರಿ.’ ಎಷ್ಟು ಚೆನ್ನಾಗಿತ್ತೆಂದರೆ ನಾನೇ ಯಾಕೆ ಹೇಳಲಿಲ್ಲ ಎಂದು ಬೇಜಾರಾಯಿತು.

ಮನೆಯಲ್ಲಿ ಅಪ್ಪಾಜಿಯ ಕೆಲಸವೆಲ್ಲ ನನ್ನದೇ. ಸ್ನಾನ ಮಾಡಿಸುವುದು, ಗಡ್ಡ ತೆಗೆಯುವುದು, ಕೊರಳಿನ ಲಿಂಗವನ್ನು ಎಡ ಅಂಗೈ ಮೇಲಿಟ್ಟು ಪೂಜೆಗೆ ಕೂಡಿಸುವುದು. ಅವರ ಒಂದೊಂದು ‘ಅಯೀ’ಗೂ ಏನರ್ಥ ಎಂದು ತಿಂಗಳಲ್ಲಿ ನನಗೆ ತಿಳಿಯತೊಡಗಿತು. ದನಿ ಏರಿದರೆ ಒಂದು, ಇಳಿದರೆ ಇನ್ನೊಂದು. ದನಿಗಳನ್ನು ಕದಿಯುವವನಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ? ಅವರು ಅಂದದ್ದನ್ನು ಅವರದೇ ದನಿಯಲ್ಲಿ ಹೇಳುತ್ತಿದ್ದೆ. “ಏ ದ್ರಾಕ್ಷಾಯಣಿ, ಫ್ಯಾನ್ ಸಣ್ಣ ಮಾಡು, ಹಾರಿ ಹೋಗ್ತೀನಿ” ಎಂದರೆ ಅವ್ವ ಅಡುಗೆಮನೆಯಿಂದ ಸೆರಗು ಸರಿಮಾಡಿಕೊಂಡೇ ಬರುತ್ತಿದ್ದಳು. ತಪ್ಪು ಹೇಳಿದರೆ ಅಪ್ಪಾಜಿ ಬೆರಳಿನಿಂದ ಮಂಚದ ಪಟ್ಟಿ ಕುಟ್ಟುತ್ತಿದ್ದರು. ನಾನು ತಪ್ಪು ಹೇಳಿದ್ದು ಬಹಳ ಕಡಿಮೆ.

ಬಂದವರು ನನ್ನನ್ನು ಹೊಗಳುತ್ತಿದ್ದರು. “ಗಂಡುಮಗ ಆಗಿ ಇಷ್ಟು ಸೇವೆ ಮಾಡ್ತಾನಲ್ರೀ!” ಗೇಟು ದಾಟಿದ ಮೇಲೆ ಅವರೇ, “ಮಗಳು ಯಾರ್ಡಿಗೆ, ಮಗ ಅಡುಗೆಮನೆಗೆ. ಕಾಲ ಬಂತು ನೋಡ್ರಿ” ಎನ್ನುತ್ತಿದ್ದರು. ಅಕ್ಕನ ಎದುರಿಗೆ ‘ಮಹಾಲಕ್ಷ್ಮಿ’, ಬೆನ್ನಿಗೆ ‘ಗಂಡುಬೀರಿ’. ಅವ್ವನದು ಇನ್ನೊಂದು ಲೆಕ್ಕ. ಗಂಡಸರ ಮೇಲೆ ಅವಳಿಗೆ ಕವಡೆಕಾಸಿನ ನಂಬಿಕೆ ಇರಲಿಲ್ಲ. “ಗಂಡಸ್ರು ಅಂದ್ರೆ ಮುದುಕ್ರಾದ್ರೂ ಹಸುಗೂಸು. ತಮ್ಮ ಕಾಲ್ಚೀಲ ತಮಗೆ ಸಿಗಲ್ಲ” ಎನ್ನುವಳು. ಹಿಂದೆಯೇ, “ಆದ್ರೂ ಬಾಗಿಲಾಗೆ ಗಂಡಸ್ರ ಚಪ್ಪಲಿ ಇರಬೇಕಪ್ಪ” ಎಂದು ಸೇರಿಸುವಳು.

ಶ್ರಾವಣದಲ್ಲಿ ನನಗೆ ಹೆಣ್ಣು ನೋಡಿದರು. ಹುಡುಕಿದವಳು ಅಕ್ಕನೇ. ಐಶ್ವರ್ಯ, ಊರಿನ ಬಟ್ಟೆ ವ್ಯಾಪಾರಿಯೊಬ್ಬರ ಮಗಳು, ನನ್ನ ಹಾಗೇ ಬಿ.ಕಾಂ. ಉಪ್ಪಿಟ್ಟಿನ ತಟ್ಟೆ ಕೈಗೆ ಕೊಡುವಾಗ ನಾನು ಮೆಲ್ಲಗೆ ಕಂಡಕ್ಟರನ ದನಿಯಲ್ಲಿ “ಮುಂದೆ ಹೋಗ್ರಿ, ಮುಂದೆ ಖಾಲಿ ಐತೆ” ಅಂದೆ. ಆಕೆ ತಟ್ಟೆ ಅಲ್ಲಾಡುವಷ್ಟು ನಕ್ಕಳು. ಅಷ್ಟೇ, ನನ್ನ ಕತೆ ಮುಗಿಯಿತು. ಆಕೆಯ ಅಪ್ಪ ಮಾತ್ರ ನಗಲಿಲ್ಲ. ಹೊರಡುವಾಗ ಅವ್ವನಿಗೆ ಹೇಳಿದರು: “ಎಲ್ಲಾ ಚಲೋ ಐತ್ರಿ. ಆದ್ರೆ ಹುಡುಗ ಅಕ್ಕನ ಕೈಯಾಗೆ ಅದಾನೆ ಅಂತಾರೆ. ಅಂಗಡಿ ಯಾರ ಹೆಸರಿಗೆ ಆಗ್ತೈತೆ ನೋಡ್ಕೊಂಡು ತಾಂಬೂಲ ಬದಲಾಯಿಸಾಣ.”

ಅಂಗಡಿಯ ಲೈಸೆನ್ಸು ಬದಲಾಗಲೇಬೇಕಿತ್ತು. ಅದು ಇದ್ದದ್ದು ಅಪ್ಪಾಜಿ ಮತ್ತು ಹರಿಹರದ ರುದ್ರಮುನಿ ಚಿಕ್ಕಪ್ಪ, ಇಬ್ಬರ ಹೆಸರಲ್ಲಿ. ಅಪ್ಪಾಜಿಯ ಜಾಗಕ್ಕೆ ಬರುವವರಿಗೆ ಚಿಕ್ಕಪ್ಪ ಒಪ್ಪಿ ಸಹಿ ಹಾಕಬೇಕು. ‘ಅಣ್ಣ ಹೇಳಿದಂಗೆ’ ಎಂದು ಅವರು ಮೊದಲೇ ಅಂದಿದ್ದರು. ಅಣ್ಣ ಏನು ಹೇಳುತ್ತಾರೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ಸಂಜೆ ಅಕ್ಕ ಮಂಚದ ಕೆಳಗೆ ಕೂತು, “ಅಪ್ಪಾಜಿ, ಅಂಗಡಿ ನಾನೇ ನಡಸ್ಲಾ? ನನ್ನ ಹೆಸರಿಗೆ ಮಾಡ್ತೀರಾ?” ಎಂದು ಕೇಳಿದ್ದಳು. ಹಾಗೆ ಕೇಳುವಾಗ ಅವಳ ದನಿ ನಡುಗಿದ್ದನ್ನು ನಾನು ಮೊದಲ ಸಲ ಕೇಳಿದೆ. ಅವಳಿಗೆ ಬೇಕಾಗಿದ್ದುದು ಜೀವನದಲ್ಲಿ ಅದೊಂದೇ. ಅಪ್ಪಾಜಿ ಎಡಗೈ ಎತ್ತಿ ಬೆರಳನ್ನು ಅವಳ ಎದೆಗೆ ನೇರವಾಗಿ ಹಿಡಿದು, “ಅಯೀ” ಎಂದರು. ನಾನು ಅಪ್ಪಾಜಿಯ ದನಿಯಲ್ಲಿ, “ಅಲ್ರೀ, ನಿನ್ನ ಬಿಟ್ಟು ಇನ್ಯಾರು ನಡಸ್ತಾರೆ?” ಎಂದೆ. ಅವರು ಮಂಚದ ಪಟ್ಟಿ ಕುಟ್ಟಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. “ನಿಂದೂ ಪಾಲು ಇರ್ತೈತಲೇ, ಹೆದರಬ್ಯಾಡ.”

“ಪಾಲು ಬ್ಯಾಡಕ್ಕ, ಹಾಲು ಹಾಕಿ ಟೀ ಕೊಡು ಸಾಕು” ಎಂದೆ.

ಚಿಕ್ಕಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಅವರು ಬರುವ ಹಾಗಿರಲಿಲ್ಲ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅಪ್ಪಾಜಿಯನ್ನೇ ಕಾರಿನಲ್ಲಿ ಕೂಡಿಸಿಕೊಂಡು, ಅವ್ವನೂ ಸೇರಿ ಎಲ್ಲರೂ ಹರಿಹರಕ್ಕೆ ಹೊರಟೆವು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯಲ್ಲಿ ನಾನು, “ನೋಡಕ್ಕ, ಹರಿಹರದ ದೇವ್ರೇ ಅರ್ಧ ಹರಿ ಅರ್ಧ ಹರ. ಫಿಫ್ಟಿ ಫಿಫ್ಟಿ ಪಾರ್ಟ್‌ನರ್‌ಶಿಪ್” ಎಂದೆ.

“ಹೌದಪ್ಪ. ಅಲ್ಲೂ ಇಬ್ರೂ ಗಂಡಸ್ರೇ” ಎಂದಳು ಅಕ್ಕ. ಅಪ್ಪಾಜಿಯ ಅರ್ಧ ಮುಖ ಮತ್ತೆ ನಕ್ಕಿತು. ನಮ್ಮ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಚಿಕ್ಕಪ್ಪನ ಪಡಸಾಲೆಯಲ್ಲಿ ಐಶ್ವರ್ಯಳ ಅಪ್ಪ ಮೊದಲೇ ಬಂದು ಕೂತಿದ್ದರು. ಬೀಗರಾಗುವವರು ಎಂದು ಚಿಕ್ಕಪ್ಪನೇ ಕರೆಸಿದ್ದರು. ಚಿಕ್ಕಪ್ಪ ಅಕ್ಕನನ್ನು ಪಕ್ಕದಲ್ಲಿ ಕೂಡಿಸಿಕೊಂಡು ತಲೆ ಸವರಿದರು. ಅವರ ಪ್ರೀತಿ ಸುಳ್ಳಲ್ಲ. ಅವರಿಗೆ ಹೆಣ್ಣುಮಕ್ಕಳಿಲ್ಲ, ಅಕ್ಕನ ಮೊದಲ ಬಂಗಾರದ ಓಲೆ ಅವರೇ ಮಾಡಿಸಿದ್ದು.

“ಎಷ್ಟು ಕಪ್ಪಾಗೀಯವ್ವ! ಆ ಧೂಳು, ಆ ಹಮಾಲ್ರ ಬಾಯಿ, ಆ ಬಿಸಿಲು. ಮನಿ ಲಕ್ಷ್ಮಿ ಯಾರ್ಡಿನ್ಯಾಗೆ ಕೂಡಬಾರ್ದು. ನೀ ದುಡಿಯಾದು ನೋಡಿದ್ರೆ ನನ್ನ ಹೊಟ್ಟಿ ಉರಿತೈತೆ.”

“ನಂಗೆ ಅಲ್ಲೇ ಆರಾಮ ಐತಿ ಚಿಕ್ಕಪ್ಪ” ಎಂದಳು ಅಕ್ಕ.

“ಹಂಗನ್ನಬ್ಯಾಡ. ಹೆಣ್ಣುಮಕ್ಕಳು ತ್ರಾಸು ಹೇಳ್ಕೊಳ್ಳಲ್ಲ, ನಮಗೆ ಗೊತ್ತು.”

ಆಮೇಲೆ ಐಶ್ವರ್ಯಳ ಅಪ್ಪ ನನ್ನ ಕಡೆ ತಿರುಗಿದರು. ಕಾಫಿ ಲೋಟ ಅವರ ಕೈಯಲ್ಲಿತ್ತು. “ಏನ್ರಿ, ಗಂಜಿ ಬಹಳ ಚಲೋ ಮಾಡ್ತೀರಂತೆ? ನಮ್ಮ ಹುಡುಗಿಗೆ ಆರಾಮಾತು ಬಿಡ್ರಿ. ಆಕಿ ಕಾಲಮ್ಯಾಲೆ ಕಾಲು ಹಾಕ್ಕೊಂಡು ಕೂತ್ಕಾಬೋದು. ನೀವು ಮಗು ಹೆತ್ತು ಕೊಟ್ರೆ ಎಲ್ಲಾ ಮುಗಿದೇಹೋತು.”

ಪಡಸಾಲೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನನ್ನನ್ನು ಕುರಿತ ನಗೆಮಾತಿಗೆ ನಾನೇ ಮೊದಲು ನಕ್ಕುಬಿಡುವುದು ಹಳೇ ಅಭ್ಯಾಸ. ಅವತ್ತು ಮಾತ್ರ ನೋವು ಅರ್ಧವೂ ಕಡಿಮೆಯಾಗಲಿಲ್ಲ. ಬೆಳಿಗ್ಗೆಯಷ್ಟೇ ಅಪ್ಪಾಜಿಯ ಮೈ ಒರೆಸಿದ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತೆ.

ಚಿಕ್ಕಪ್ಪ ಕಾಗದ ತೆಗೆದರು. ಅಪ್ಪಾಜಿಯ ಗಾಲಿಕುರ್ಚಿಯ ಹತ್ತಿರ ತಮ್ಮ ಕುರ್ಚಿ ಎಳೆಸಿಕೊಂಡು, ಮಕ್ಕಳನ್ನು ಕೇಳುವಂತೆ ಜೋರಾಗಿ ಕೇಳಿದರು. “ಅಣ್ಣಾ, ಅಂಗಡಿ ಯಾರ ಹೆಸರಿಗೆ ಮಾಡಾಣ?”

ಅಪ್ಪಾಜಿ ಎಡಗೈ ಎತ್ತಿದರು. ಬೆರಳು ಚಿಕ್ಕಪ್ಪನನ್ನು ದಾಟಿ, ನನ್ನನ್ನು ದಾಟಿ, ಅಕ್ಕನ ಹತ್ತಿರ ಹೋಗಿ ನಿಂತಿತು. “ಅಯೀ” ಎಂದರು.

ಯಾರೂ ಆ ಬೆರಳಿನ ಕಡೆ ನೋಡಲಿಲ್ಲ. ಎಲ್ಲರೂ ನನ್ನ ಬಾಯಿಯನ್ನು ನೋಡುತ್ತಿದ್ದರು.

“ಏನಂತಾನೋ ಅಣ್ಣ?” ಚಿಕ್ಕಪ್ಪ ಕೇಳಿದರು.

ನಾನು ಕೆಮ್ಮಿದೆ. “ಅಲ್ರೀ...” ಒಂದು ಗಳಿಗೆ ಸುಮ್ಮನಾದೆ. ಆ ಗಳಿಗೆಯಲ್ಲಿ ಇನ್ನೂ ಏನೂ ಕೆಟ್ಟಿರಲಿಲ್ಲ. “ರುದ್ರಾ, ಮಗ ಅದಾನಲ್ಲ. ಅಂಗಡಿ ಅವನೇ ನೋಡ್ಕೊಳ್ಲಿ. ಮಗಳ್ನ ಯಾಕ ಧೂಳಿನ್ಯಾಗೆ ಕೂಡ್ಸಾದು?”

ಅಪ್ಪಾಜಿಯ ದನಿ ಅಷ್ಟು ಚೆನ್ನಾಗಿ ನನಗೆ ಎಂದೂ ಬಂದಿರಲಿಲ್ಲ. ಚಿಕ್ಕಪ್ಪ ಟವೆಲ್ಲಿನಿಂದ ಕಣ್ಣು ಒತ್ತಿಕೊಂಡರು. ಅಪ್ಪಾಜಿ ಗಾಲಿಕುರ್ಚಿಯ ಹಿಡಿಯನ್ನು ಕುಟ್ಟತೊಡಗಿದರು. ಟಕ್, ಟಕ್, ಟಕ್. “ಅಯೀ, ಅಯೀ!” ಬಾಯಿಂದ ಜೊಲ್ಲು ಇಳಿಯಿತು.

“ನೋಡ್ರಿ, ಮಗನ ಮ್ಯಾಲೆ ಎಷ್ಟು ಜೀವ!” ಎಂದರು ಐಶ್ವರ್ಯಳ ಅಪ್ಪ.

ಅಕ್ಕ ನನ್ನನ್ನೇ ನೋಡುತ್ತಿದ್ದಳು. “ಕಿರಣ. ಅಪ್ಪಾಜಿ ಹಂಗಂದ್ರಾ?”

ಅದು ಅವಳು ನನಗೆ ಕೊಟ್ಟ ಅವಕಾಶ. ಇಲ್ಲ ಎಂದಿದ್ದರೆ ಎಲ್ಲ ನಗೆಯಾಗಿ ಹೋಗುತ್ತಿತ್ತು, ಹುಡುಗ ಮಿಮಿಕ್ರಿ ಮಾಡಿದ ಎನ್ನುತ್ತಿದ್ದರು. “ಹೂಂ” ಎಂದೆ. ಅದು ನನ್ನ ಸ್ವಂತ ದನಿ.

ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ‘ಸುಳ್ಳು’ ಎಂದಿದ್ದರೆ ಬೀಗರೆದುರು ನನ್ನ ಮಾನ ಹೋಗುತ್ತಿತ್ತು, ಐಶ್ವರ್ಯ ಹೋಗುತ್ತಿದ್ದಳು. ಅವಳು ಅನ್ನಲಿಲ್ಲ. ಎದ್ದು ಅಪ್ಪಾಜಿಯ ಹತ್ತಿರ ಹೋದಳು. ತನ್ನ ಕಡೆಗೇ ಚಾಚಿದ್ದ ಆ ಬೆರಳನ್ನು ಹಿಡಿದು ನಿಧಾನವಾಗಿ ಅಂಗೈಯೊಳಕ್ಕೆ ಮಡಚಿ, ಕೈಯನ್ನು ಅವರ ತೊಡೆಯ ಮೇಲಿಟ್ಟಳು. ಸೆರಗಿನಿಂದ ಅವರ ಬಾಯಿ ಒರೆಸಿದಳು.

“ಆಯ್ತು ಬಿಡ್ರಿ ಚಿಕ್ಕಪ್ಪ. ನಂದೇನಾದ್ರೂ ಸಹಿ ಬೇಕೇನು?”

ವಾಪಸು ಬರುವಾಗ ದಾವಣಗೆರೆ ಮುಟ್ಟುವವರೆಗೂ ಅಪ್ಪಾಜಿ ಕೂಗುತ್ತಲೇ ಇದ್ದರು. “ಬಿಸಿಲಿಗೆ ಕಾಣ್ತೈತೆ” ಎಂದಳು ಅವ್ವ. ಯಾರೂ ನನ್ನನ್ನು ಅರ್ಥ ಕೇಳಲಿಲ್ಲ.

ತಾಂಬೂಲ ಬದಲಾಯಿತು. ಅಕ್ಕ ಒಂದು ವಾರ ನನ್ನನ್ನು ಯಾರ್ಡಿಗೆ ಕರೆದುಕೊಂಡು ಹೋಗಿ ಎಲ್ಲ ಕಲಿಸಿದಳು. ಯಾವ ಊರಿನ ಮಾಲಿನಲ್ಲಿ ಬೂಷ್ಟು ಜಾಸ್ತಿ, ಯಾವ ರೈತ ಒಣ ಚೀಲ ಮುಂದಿಟ್ಟು ಹಸಿ ಚೀಲ ಹಿಂದಿಡುತ್ತಾನೆ, ಯಾರಿಗೆ ಮೊದಲು ಟೀ ಕೊಡಬೇಕು, ಎಲ್ಲ. ಒಂದು ಕೊಂಕು ಮಾತೂ ಇಲ್ಲ. ಎಂಟನೇ ದಿನ ಹರಿಹರದ ಕಡೆ ಒಂದು ಕೋಳಿ ಆಹಾರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲೇ ರೂಮು ಮಾಡಿದಳು. ಅಲ್ಲಿ ತೇವ ನೋಡಲು ಮೆಷಿನ್ ಇದೆ, ಅಕ್ಕ ಆ ಮೆಷಿನ್ ನೋಡಿಕೊಳ್ಳುತ್ತಾಳೆ.

ನಾನು ಅಂಗಡಿಯ ಗಾದಿಯ ಮೇಲೆ ಕೂತೆ. ಫೋನಿನಲ್ಲಿ ಕೆಮ್ಮುವ ಅಗತ್ಯವೇ ಈಗಿರಲಿಲ್ಲ. ನನ್ನ ದನಿಯೇ ಸಾಕಾಗುತ್ತಿತ್ತು, ಅದು ಗಂಡಸಿನದು. ಆದರೆ ಹೇಳುವುದಕ್ಕೆ ಏನೂ ಇರಲಿಲ್ಲ. ಕಾಳು ಕಚ್ಚಿದರೆ ಎಲ್ಲ ಒಂದೇ ರುಚಿ. ಮೊದಲ ತಿಂಗಳಲ್ಲೇ ಎರಡು ಲಾರಿ ಮಾಲು ಹಸಿ ಎಂದು ವಾಪಸು ಬಂತು. ಹಯಾತ್ ಸಾಬ್ ನಗುವುದನ್ನು ಬಿಟ್ಟರು. ಆನಗೋಡಿನ ಉಚ್ಚೆಂಗಪ್ಪ ಟ್ರ್ಯಾಕ್ಟರು ನಿಲ್ಲಿಸಿ ಒಳಗೆ ಇಣುಕಿದ.

“ತಾಯಿ ಎಲ್ಲ್ರಿ?”

“ಇಲ್ಲ. ಇನ್ನು ನಾನೇ.”

“ಆವಮ್ಮ ಕಾಳು ಕಚ್ಚಿ ಹೇಳಿದ್ರೆ ಎರಡು ಮಾತಿರ್ತಿರ್ಲಿಲ್ಲ ನೋಡ್ರಿ.”

“ಹೆಂಗಸ್ರ ಮುಂದೆ ರೇಟು ಮಾತಾಡಾಕೆ ನಾಚಿಕಿ ಅಂತಿದ್ಯಲ್ಲೋ ಉಚ್ಚೆಂಗಪ್ಪ?”

“ನಾಚ್ಕಿ ಬ್ಯಾರೆ, ಜ್ವಾಳ ಬ್ಯಾರೆ ಸಾವ್ಕಾರ್ರೆ” ಎಂದು ಆತ ಟ್ರ್ಯಾಕ್ಟರನ್ನು ಮುಂದಿನ ಅಂಗಡಿಗೆ ಹೊಡೆದುಕೊಂಡು ಹೋದ.

ಮನೆಯಲ್ಲಿ ಅಪ್ಪಾಜಿಗೆ ಮೈಲಮ್ಮ ಎಂಬ ಹೆಂಗಸನ್ನು ಇಟ್ಟೆವು. ಒಳ್ಳೆಯವಳು, ಗಟ್ಟಿಗಿತ್ತಿ. ಆದರೆ ‘ಅಯೀ’ ಎಂದರೆ ಹೊದಿಕೆ ಹೊದೆಸುವಳು, ಬೇಡ ಎಂದು ಕುಟ್ಟಿದರೆ ಇನ್ನೊಂದು ಹೊದೆಸುವಳು. ನಾನು ಸಂಜೆ ಬಂದು ಪಕ್ಕದಲ್ಲಿ ಕೂತರೆ ಅಪ್ಪಾಜಿ ಬಾಯಿ ಮುಚ್ಚಿಬಿಡುತ್ತಿದ್ದರು. ನಾನಿರುವಷ್ಟು ಹೊತ್ತು ಒಂದು ಸದ್ದೂ ಇಲ್ಲ. ಒಂದು ದಿನ ನಗಿಸೋಣವೆಂದು ಅವರದೇ ದನಿಯಲ್ಲಿ ಅವ್ವನನ್ನು ಕರೆದೆ. ಅಪ್ಪಾಜಿ ಗೋಡೆಯ ಕಡೆ ಮುಖ ತಿರುಗಿಸಿದರು. ಅವ್ವನೂ ಬರಲಿಲ್ಲ.

ಅಕ್ಕ ಮೊದಮೊದಲು ಭಾನುವಾರ ಬರುತ್ತಿದ್ದಳು. ಆಮೇಲೆ ಹದಿನೈದು ದಿನಕ್ಕೆ. ಆಮೇಲೆ ಬರುವುದೇ ನಿಂತಿತು.

ಮದುವೆಗೆ ಇಪ್ಪತ್ತು ದಿನ ಇರುವಾಗ ತಡೆಯಲಾಗಲಿಲ್ಲ. ಐಶ್ವರ್ಯಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

“ನಮ್ಮಪ್ಪಾಜಿ ಮುಂದೆ ಹೇಳಬ್ಯಾಡ್ರಿ ಇದನ್ನ” ಎಂದಳು. ಆಮೇಲೆ, “ಅಕ್ಕಾರು ಗಾದಿ ಮ್ಯಾಲೆ ಕೂತಿದ್ದು ನೋಡಿ ನಾನೂ ನಾಳೆ ಅಂಗಡಿಗೆ ಹೋಗ್ಬೋದು ಅನ್ಕಂಡಿದ್ದೆ ಕಣ್ರಿ. ಅದ್ಕೇ ನಿಮ್ಮನ್ನ ಒಪ್ಪಿದ್ದು. ನಿಮ್ಮ ಕಾಮಿಡಿಗೆ ಅಲ್ಲ.”

ಮರುದಿನ ಬೆಳಿಗ್ಗೆ ಹರಿಹರಕ್ಕೆ ಹೋಗಿ ಚಿಕ್ಕಪ್ಪನ ಎದುರು ನಿಂತೆ. ಒಂದೇ ಉಸಿರಿಗೆ ಹೇಳಿದೆ. “ಚಿಕ್ಕಪ್ಪ, ಅವತ್ತು ಅಪ್ಪಾಜಿ ನನ್ನ ಹೆಸ್ರು ಹೇಳ್ಲಿಲ್ಲ. ಅಕ್ಕಂದು ಹೇಳಿದ್ರು. ನಾನು ಸುಳ್ಳು ಹೇಳ್ದೆ.”

ಚಿಕ್ಕಪ್ಪ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಕೈ ನಿಲ್ಲಲಿಲ್ಲ.

“ಗೊತ್ತೈತಲೇ.”

“ಏನು?”

“ಅಣ್ಣ ಆಕಿ ಕಡಿ ಬಟ್ಟು ಮಾಡಿದ್ದು ನನಗೆ ಕಾಣ್ಲಿಲ್ವೇನು? ನನಗೆ ಹೋಗಿದ್ದು ಮೊಣಕಾಲು, ಕಣ್ಣಲ್ಲ. ನಿಮ್ಮವ್ವಗೂ ಗೊತ್ತು, ನಿಮ್ಮ ಮಾವಗೂ ಗೊತ್ತು. ನಾವೆಲ್ಲ ನಿನ್ನ ಬಾಯಾಗೆ ಏನು ಬರ್ತೈತೆ ಅಂತ ಕಾಯ್ತಿದ್ವಿ. ಮೊದಲ್ನೇ ಸಲ ಗಂಡಸಾಗಿ ಮಾತಾಡಿದಿ ನೀನು.” ಅವರು ಪ್ರೀತಿಯಿಂದ ನನ್ನ ಬೆನ್ನು ತಟ್ಟಿದರು. “ಪಾಪ ಆ ಹುಡುಗಿ. ಚಲೋ ಕಡಿ ನೋಡಿ ಮದುವಿ ಮಾಡಾಣ. ಬಂಗಾರದಂಥಾಕಿ.”

“ಲೈಸೆನ್ಸು ಬದಲಾಯಿಸಾಣ ಚಿಕ್ಕಪ್ಪ. ಈಗ್ಲೂ ಆಗ್ತೈತೆ.”

“ಏನಂತ ಬದಲಾಯಿಸ್ತೀ? ಅಣ್ಣ ಹೇಳಿದ ಅಂತಾನಾ?” ಎಂದು ಅವರು ನಕ್ಕರು. “ಅಣ್ಣ ಹೇಳಿದ್ದು ಆಗ್ಲೇ ಎಲ್ರೂ ಕೇಳೀವಲ್ಲೋ. ನಿನ್ನ ಬಾಯಾಗೇ.”

ಅಲ್ಲಿಂದ ಕಾರ್ಖಾನೆಗೆ ಆಟೋ ಹಿಡಿದೆ. ಊಟದ ಬಿಡುವಿನಲ್ಲಿ ಅಕ್ಕ ಗೇಟಿನ ಹೊರಗೆ ಬಂದಳು. ನೀಲಿ ಕೋಟು, ತಲೆಗೆ ಬಟ್ಟೆಯ ಟೊಪ್ಪಿಗೆ, ಹುಬ್ಬಿನ ಮೇಲೆ ಜೋಳದ ಧೂಳು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಡಬ್ಬಿ ತೆರೆದು, ಏನೂ ಕೇಳದೆ ಅರ್ಧ ರೊಟ್ಟಿ ಮುರಿದು ನನಗೆ ಕೊಟ್ಟಳು.

“ಅಕ್ಕ, ಚಿಕ್ಕಪ್ಪಗೆ ಎಲ್ಲಾ ಹೇಳಿದೆ.”

“ಏನಂದ್ರು?”

“ಅವ್ರಿಗೆ ಮೊದ್ಲೇ ಗೊತ್ತಂತೆ.”

“ಮತ್ತೆ? ನಿನಗೆ ಇವತ್ತು ಗೊತ್ತಾತಾ?” ಅವಳು ರೊಟ್ಟಿ ಅಗಿಯುತ್ತಲೇ ಇದ್ದಳು. “ಅವರ ಮ್ಯಾಲೆ ನಂಗೆ ಸಿಟ್ಟಿಲ್ಲ ಕಿರಣ. ಫೋನಿನಾಗೆ ‘ತಾಯಿ, ತಾಯಿ’ ಅಂತ ಇಡ್ತಿದ್ರಲ್ಲ, ಆ ಜನವೇ ಇವ್ರು. ನೀನು ಹಂಗಿರ್ಲಿಲ್ಲ. ನೀನು ಅಪ್ಪಾಜಿ ಉಚ್ಚಿಬಟ್ಟಿ ಒಗೀತಿದ್ದೋನು. ನೀನು ಬ್ಯಾರೆ ಅನ್ಕಂಡಿದ್ದೆ.”

“ಮನಿಗೆ ಬಾ ಅಕ್ಕ. ಅಂಗಡಿ ನೀನೇ ನಡಸು. ಹೆಸ್ರು ಯಾರದಾದ್ರೂ ಇರ್ಲಿ.”

“ಹೆಸ್ರು ಯಾರದಾದ್ರೂ ಇರ್ಲಿ” ಎಂದು ಅವಳು ನನ್ನ ದನಿಯಲ್ಲೇ ಅಂದಳು. ಅವಳಿಗೂ ಮಿಮಿಕ್ರಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಥೇಟ್ ನಾನೇ. ಕೇಳಲು ಅಷ್ಟು ಅಸಹ್ಯವಾಗಿದೆ ಎಂದೂ ಗೊತ್ತಿರಲಿಲ್ಲ.

“ಅಪ್ಪಾಜಿನಾದ್ರೂ ನೋಡಾಕೆ ಬಾ.”

ಅವಳು ಡಬ್ಬಿ ಮುಚ್ಚಿದಳು. “ನಾ ಬಂದು ಎದುರಿಗೆ ಕೂತ್ರೆ ಸಾಕು, ಅವ್ರು ಬಟ್ಟು ಮಾಡ್ತಾರೆ. ನಾ ಎದ್ದು ಹೋಗೋತನಕ ಕೈ ಇಳಿಸಲ್ಲ. ಕೈ ನಡುಗಿ ನಡುಗಿ ಸೋತ್ರೂ ಇಳಿಸಲ್ಲ. ಎಷ್ಟು ಸಲ ಮಡಚ್ಲಿ ನಾನು ಅದನ್ನ? ನಂಗೆ ಆಗಲ್ಲ.”

ಸೈರನ್ ಆಯಿತು. ಅವಳು ಟೊಪ್ಪಿಗೆ ಸರಿಮಾಡಿಕೊಂಡು ಒಳಗೆ ಹೋದಳು.

ಮನೆ ತಲುಪಿದಾಗ ಸಂಜೆಯ ದೀಪ ಹಚ್ಚಿದ್ದರು. ಮೈಲಮ್ಮ ಹೊರಟುಹೋಗಿದ್ದಳು. ಮದುವೆಯ ಕರೆಯೋಲೆಗಳ ಕಟ್ಟು ಮೇಜಿನ ಮೇಲಿತ್ತು. ಅಪ್ಪಾಜಿಯ ಮಂಚದ ಕೆಳಗೆ ಕೂತೆ. ಯಾವ ದನಿಯಲ್ಲೂ ಅಲ್ಲ, ನನ್ನದರಲ್ಲೇ, “ಅಪ್ಪಾಜಿ, ತಪ್ಪಾತು” ಎಂದೆ.

ಅವರು ನನ್ನನ್ನು ನೋಡಿದರು. ಎಷ್ಟೋ ದಿನಗಳ ಮೇಲೆ ಬಾಯಿ ತೆರೆದರು. “ಅಯೀ” ಎಂದರು. ಮೆಲ್ಲಗೆ, ಕೊನೆಯಲ್ಲಿ ಸ್ವಲ್ಪ ಏರಿಸಿ. ಕಣ್ಣು ಬಾಗಿಲ ಕಡೆ ಹೋಯಿತು. ಇನ್ನೊಮ್ಮೆ, “ಅಯೀ.”

ನನಗೆ ಸ್ಪಷ್ಟವಾಗಿ ಅರ್ಥವಾಯಿತು. ರಶ್ಮಿನ ಕರಿ, ಎನ್ನುತ್ತಿದ್ದರು.

“ಏನಂತಾರಪ್ಪ?” ಅಡುಗೆಮನೆಯಿಂದ ಅವ್ವ ಕೇಳಿದಳು.

“ಏನಿಲ್ಲವ್ವ” ಎಂದೆ. “ನೀರು ಬೇಕಂತೆ.”

ಅವ್ವ ಲೋಟದಲ್ಲಿ ನೀರು ತಂದು ಅವರ ತುಟಿಗೆ ಹಿಡಿದಳು. ಅಪ್ಪಾಜಿ ಬಾಯಿ ತೆರೆಯಲಿಲ್ಲ. ನೀರು ಗಲ್ಲದ ಮೇಲಿಂದ ಇಳಿದು ದಿಂಬಿಗೆ ಹೋಯಿತು.